ವರ್ನನ್ ಕ್ಲಾಪನ ನಾನೂರ ಹನ್ನೆರಡು ಕಾಗದಗಳು

ಹ್ಯಾಡ್ಲಿ ಫೋರ್ಕಿನಲ್ಲಿ ಅಂಚೆ ಹಂಚೋಕೆ ಶುರು ಮಾಡಿ ನನಗೆ ಮೂವತ್ತೊಂದು ವರ್ಷ ಆಯ್ತು. ನಾಯಿ ಕಚ್ಚಿದ್ದು ಹನ್ನೊಂದು ಸಲ. ಹೆಬ್ಬಾತು ಅಟ್ಟಿಸಿಕೊಂಡು ಬಂದದ್ದು ಒಂದು ಸಲ. ಆ ಬೀದಿ ಬಂದರೆ ಈಗಲೂ ಸುತ್ತು ಹಾಕಿಕೊಂಡು ಹೋಗುತ್ತೇನೆ. ಆದರೆ ಒಬ್ಬ ಮನುಷ್ಯ ಕಾಗದ ಓದುತ್ತಾ ಓದುತ್ತಾ ನನ್ನ ಕಣ್ಣೆದುರೇ ಸುಣ್ಣದ ಬಣ್ಣಕ್ಕೆ ತಿರುಗಿದ್ದನ್ನು ನೋಡಿದ್ದು ಇದೇ ಮೊದಲು. ಅವನೇ ವರ್ನನ್ ಕ್ಲಾಪ್.

ವರ್ನನ್ ನಮ್ಮೂರಿನ ಸಾಮಾನಿನಂಗಡಿಯಲ್ಲಿ ಬಣ್ಣ ಕಲಸಿ ಕೊಡುವವನು. ನೀಲಿ ಕೇಳಿದವರಿಗೆ ಹಸಿರು ಕಲಸಿ ಕೊಟ್ಟು, "ಒಣಗಲಿ ಬಿಡಿ, ನೀಲಿ ಆಗುತ್ತೆ" ಅನ್ನುವ ಆಸಾಮಿ. ಊರಿನ ಅರ್ಧ ಮನೆಗಳು ಇನ್ನೂ ಒಣಗುತ್ತಲೇ ಇವೆ. ಇಂಥವನಿಗೊಂದು ಹುಚ್ಚು. ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳಿಗೆ ಅವರಿಂದಲೇ ಸಹಿ ಹಾಕಿಸಿ ಕೂಡಿಡುವುದು. ಹೆಸರುವಾಸಿಗಳ ಸಹಿಯಲ್ಲ, ಅವು ಅವನ ಕೈಗೆ ಎಟುಕುವುದಿಲ್ಲ. ಅವನಿಗೆ ಬೇಕಾದವರು ಬೇರೆ. ಮೇಲಿನ ತಂಡದಲ್ಲಿ ಒಂಬತ್ತು ಆಟ ಆಡಿ, ಹತ್ತನೆಯದಕ್ಕೆ ಬೆಂಚಿನ ಮೇಲೆ ಕೂತು, ಹನ್ನೊಂದನೆಯದಕ್ಕೆ ಬಸ್ಸು ಹತ್ತಿದವರು. ಇಲ್ಲವೆಂದರೆ "ಮುಂದೆ ದೊಡ್ಡ ಹೆಸರು ಮಾಡ್ತಾನೆ" ಎಂದು ಪೇಪರಿನಲ್ಲಿ ಬರೆಸಿಕೊಂಡು, ಈಗ ಎಲ್ಲೋ ಟ್ರ್ಯಾಕ್ಟರ್ ಮಾರುತ್ತಿರುವವರು. "ಅವರಿಗೂ ಅಮ್ಮ ಇರ್ತಾಳೆ ಕಣೋ ಆರ್ವಿಲ್" ಅನ್ನುತ್ತಿದ್ದ. ಆರ್ವಿಲ್ ಅಂದರೆ ನಾನು.

ಇದಕ್ಕೊಂದು ಪದ್ಧತಿ ಇದೆ. ಆಟಗಾರನ ಮನೆ ವಿಳಾಸ ಹುಡುಕಬೇಕು. ಒಂದು ಕಾಗದ ಬರೆದು ಕಾರ್ಡು ಜತೆಗಿಡಬೇಕು. ಅದರ ಜೊತೆ ತನ್ನದೇ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಇನ್ನೊಂದು ಲಕೋಟೆಯನ್ನೂ ಮಡಚಿಟ್ಟು ಕಳಿಸಬೇಕು. ಆಟಗಾರ ಸಹಿ ಹಾಕಿ, ಆ ಲಕೋಟೆಯೊಳಗೆ ಕಾರ್ಡು ತುರುಕಿ, ಡಬ್ಬಿಗೆ ಹಾಕಿದರೆ ಮುಗಿಯಿತು. ಹಾಗಾಗಿ ವರ್ನನ್‌ಗೆ ನಾನು ತಂದುಕೊಡುವ ಕಾಗದವೆಲ್ಲ ವರ್ನನ್ನನ ಕೈಬರಹದಲ್ಲೇ ಇರುತ್ತದೆ. ಇವು ಬರೋಕೆ ಶುರುವಾದ ಹೊಸತರಲ್ಲಿ, ಪಾಪ, ಯಾರೂ ಗತಿಯಿಲ್ಲದೆ ತನಗೆ ತಾನೇ ಬರೆದುಕೊಳ್ತಾನೆ ಅಂದುಕೊಂಡು ಅವನ ಹೆಸರಿನಲ್ಲಿ ಪ್ರಾರ್ಥನೆ ಕೂಡ ಮಾಡಿದ್ದೆ.

ಆ ಸೋಮವಾರವೂ ಅಂಥದ್ದೇ ಒಂದು ಲಕೋಟೆ ಕೊಟ್ಟೆ. ವರ್ನನ್ ಕುಣಿಯುತ್ತಾ ಹರಿದ. ಒಳಗೆ ಕಾರ್ಡು ಇರಲಿಲ್ಲ. ದಪ್ಪ ಅಕ್ಷರದ ಒಂದು ಚೀಟಿ ಇತ್ತು. ಓದಿದ. ಸುಣ್ಣವಾದ. ಚೀಟಿಯನ್ನು ನನ್ನ ಕೈಗೆ ಕೊಟ್ಟು ಗೇಟಿನ ಕಂಬ ಹಿಡಿದುಕೊಂಡ.

"ಸ್ವಾಮಿ ಕ್ಲಾಪ್ ಅವರೇ," ಎಂದಿತ್ತು ಚೀಟಿ. "ನಿಮ್ಮ ಮಗನಿಗೆ ರಾಯ್ಸ್ ಟಾಲಿವರನ ಹೆಸರಿಟ್ಟಿದ್ದೀರಿ ಅಂತ ನನಗೆ ಯಾಕೆ ಬರೆದಿರಿ? ಆ ಕತ್ತೆಯ ಕಾರ್ಡು ನನಗೆ ಯಾಕೆ? ಹದಿನೆಂಟು ವರ್ಷದಿಂದ ನಾನು ಅವನ ಜತೆ ಮಾತಾಡಿಲ್ಲ. ಈಗ ಸಿಟ್ಟು ಬಂದು ಫೋನ್ ಮಾಡಿದೆ. ನೋಡಿದರೆ ನನ್ನ ಕಾರ್ಡು ಅವನ ಹತ್ತಿರ ಇದೆ. ನಿಮ್ಮ ಮಗನಿಗೆ ನನ್ನ ಹೆಸರಿಟ್ಟಿದ್ದೀರಿ ಅಂತ ಅವನಿಗೆ ಬರೆದಿದ್ದೀರಿ. ಹುಡುಗನ ಹೆಸರು ಯಾವುದು, ಒಂದು ತೀರ್ಮಾನ ಆಗಬೇಕು. ಶನಿವಾರ ಮಧ್ಯಾಹ್ನ ಇಬ್ಬರೂ ಬರ್ತೀವಿ. ಇತಿ, ಡೆಲ್ಬರ್ಟ್ ಕ್ರಾಗ್."

ಆಗಿದ್ದು ಇಷ್ಟು. ಒಂದೇ ಸಂಜೆ ಕೂತು ಎರಡು ಕಾಗದ ಬರೆದಿದ್ದ, ಲಕೋಟೆಗೆ ತುಂಬುವಾಗ ಅದಲುಬದಲು ಮಾಡಿದ್ದ. ಬಣ್ಣ ಕಲಸುವವನ ಬುದ್ಧಿ, ಎಲ್ಲಿ ಹೋಗುತ್ತೆ?

"ವರ್ನನ್, ನಿಂಗೆ ಮಗ ಎಲ್ಲಿದ್ದಾನೋ?"

"ಇಲ್ಲ."

"ಮತ್ತೆ?"

"ಬರೀತೀನಿ. ಎಲ್ಲರಿಗೂ ಹಾಗೇ ಬರೀತೀನಿ. ಮೊದಲೆಲ್ಲ ಬರೀ ಸಹಿ ಕೊಡಿ ಅಂತ ಬರೀತಿದ್ದೆ, ಯಾರೂ ಉತ್ತರಾನೇ ಕೊಡ್ತಿರಲಿಲ್ಲ. ಒಂದ್ಸಲ, ನನ್ನ ಮಗನಿಗೆ ನಿಮ್ಮ ಹೆಸರಿಟ್ಟಿದ್ದೀನಿ ಅಂತ ಬರೆದೆ. ಒಂಬತ್ತೇ ದಿನಕ್ಕೆ ಕಾರ್ಡು ಬಂತು ಆರ್ವಿಲ್! ಆಮೇಲೆ ಕೈ ತಡೀಲಿಲ್ಲ."

"ಎಷ್ಟು ಜನಕ್ಕೆ ಬರೆದಿದ್ದೀಯ?"

"ನಾನೂರ ಹನ್ನೆರಡು."

ಇಲ್ಲಿ ನಾನೊಂದು ತಪ್ಪು ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಬಿಸಿಲು ಜೋರಿತ್ತು, ಕಾಲು ನೋಯುತ್ತಿತ್ತು, ತಮಾಷೆ ಮಾಡೋಣ ಅನಿಸಿತು. ಮುಖ ಗಂಟುಹಾಕಿಕೊಂಡು, "ಅಂಚೆ ಮೂಲಕ ಸುಳ್ಳು ಹೇಳಿ ವಸ್ತು ಪಡೆಯೋದು ಕೇಂದ್ರ ಸರ್ಕಾರದ ಕಾನೂನಲ್ಲಿ ಅಪರಾಧ ಕಣಪ್ಪಾ. ಕಾಗದಕ್ಕೆ ಐದು ವರ್ಷ" ಅಂದುಬಿಟ್ಟೆ. ಐದು ವರ್ಷ ಅನ್ನುವುದು ನಾನು ಅಲ್ಲೇ ಹುಟ್ಟಿಸಿದ್ದು. ವರ್ನನ್ ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕಿದ.

"ಎರಡು ಸಾವಿರದ ಅರವತ್ತು ವರ್ಷ," ಅಂದ. "ಒಳ್ಳೇ ನಡತೆ ತೋರಿಸಿದ್ರೆ ಕಡಿಮೆ ಮಾಡ್ತಾರಾ?"

ನಾನು ನಕ್ಕೆ. ಅವನು ನಗಲಿಲ್ಲ. ನನ್ನ ತೋಳು ಹಿಡಿದುಕೊಂಡು, "ಜೈಲಿಗೆ ಹಾಕ್ಲಿ. ಆ ಕ್ರಾಗ್ ಇದ್ದಾನಲ್ಲ, ಆಡೋ ಕಾಲದಲ್ಲಿ ಒಂದೇ ಸರದೀಲಿ ಮೂರು ಜನಕ್ಕೆ ಬೇಕು ಅಂತಲೇ ಚೆಂಡಲ್ಲಿ ಹೊಡೆದವನು, ಅವನು ಹೊಡೆದು ಸಾಯಿಸ್ಲಿ. ಡಾರ್ಲೀನ್‌ಗೆ ಮಾತ್ರ ಗೊತ್ತಾಗಬಾರದು ಆರ್ವಿಲ್. ನಾನು ಮಗ ಮಗ ಅಂತ ಊರೂರಿಗೆ ಬರ್ಕೊಂಡಿದ್ದು ಅವಳಿಗೆ ಗೊತ್ತಾದ್ರೆ ಅವಳ ಕರುಳು ಕಿತ್ತು ಬರುತ್ತೆ" ಅಂದ.

ಡಾರ್ಲೀನ್ ಅವನ ಹೆಂಡತಿ. ಅವರಿಗೆ ಮಕ್ಕಳಾಗಲಿಲ್ಲ. ದೊಡ್ಡ ಊರಿನ ಡಾಕ್ಟರುಗಳನ್ನೆಲ್ಲ ಕಂಡು ಬಂದದ್ದು, ಒಂದು ಚಳಿಗಾಲವಿಡೀ ಅವಳು ಮನೆಯಿಂದ ಹೊರಗೆ ಬಾರದೆ ಇದ್ದದ್ದು ಊರಿಗೆಲ್ಲ ಗೊತ್ತು. ಆಮೇಲೆ ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ನನ್ನ ನಗು ಅಲ್ಲೇ ನಿಂತುಹೋಯಿತು.

ಆ ವಾರ ವರ್ನನ್ ಅನ್ನ ನೀರು ಬಿಟ್ಟ ಅಂತ ಹೇಳಿದರೆ ಸುಳ್ಳಾಗುತ್ತದೆ. ತಿಂದ, ಆದರೆ ನಿಂತುಕೊಂಡೇ ತಿಂದ, ಬಾಗಿಲು ನೋಡುತ್ತಾ ತಿಂದ. ಯಾರಾದರೂ ಕಾರಿನ ಬಾಗಿಲು ಹಾಕಿದರೆ ಬೆಚ್ಚಿಬೀಳುತ್ತಿದ್ದ. ಮಂಗಳವಾರ ಚರ್ಚಿನ ಮುಂಬಾಗಿಲಿಗೆ ಬಿಳಿ ಕೇಳಿದವರಿಗೆ ಗುಲಾಬಿ ಕಲಸಿ ಕೊಟ್ಟ. ಬಳಿದೂ ಆಯಿತು. ಪಾದ್ರಿಗಳು ಒಣಗಲಿ ಎಂದು ಕಾಯುತ್ತಿದ್ದಾರೆ.

ಬುಧವಾರ ನಮ್ಮ ಪೊಲೀಸಪ್ಪ ಲಾಯ್ಡ್ ಹಾನಕರ್ ಅಂಗಡಿಗೆ ಹೋದ. ಸೊಂಟದಲ್ಲಿ ಬೇಡಿ, ಕೈಯಲ್ಲೊಂದು ಚೀಟಿ. ನಾನು ಅಂಗಡಿಯ ಅಂಚೆ ಕೊಡಲು ಅಲ್ಲೇ ಇದ್ದೆ.

"ವರ್ನನ್, ಲಾಕಪ್ಪಿನ ವಿಚಾರವಾಗಿ ಬಂದೆ," ಅಂದ ಲಾಯ್ಡ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮವನು ಹೆಗಲಲ್ಲ, ಎರಡೂ ಕೈ ಮೇಲೆತ್ತಿದ. ಒಂದು ಕೈಯಲ್ಲಿ ಬಣ್ಣದ ಕುಂಚ ಇತ್ತು, ಅದರಿಂದ ಕಂದು ಬಣ್ಣ ಅವನ ಹಣೆ ಮೇಲೆ ತೊಟ್ಟಿಕ್ಕುತ್ತಿತ್ತು.

"ಎರಡು ಕೋಣೆ ಇವೆ," ಅಂದ ಲಾಯ್ಡ್, ಚೀಟಿ ನೋಡುತ್ತಾ.

"ನನಗೆ ಒಂದು ಸಾಕು," ಅಂದ ವರ್ನನ್.

"ಏನಂದೆ?"

"ಎಲ್ಲಾ ಒಪ್ಕೋತೀನಿ ಲಾಯ್ಡ್. ಹುಡುಗನದ್ದೇನೂ ತಪ್ಪಿಲ್ಲ. ಏಳು ವರ್ಷದವನು. ಡಾರ್ಲೀನ್‌ಗೆ ಗೊತ್ತಿಲ್ಲ. ಒಂಬತ್ತು ವರ್ಷದಿಂದ ಮುಚ್ಚಿಟ್ಟಿದ್ದೀನಿ. ದಯವಿಟ್ಟು ಅವಳಿಗೆ ಹೇಳ್ಬೇಡ."

ಲಾಯ್ಡ್ ಚೀಟಿ ಮಡಚಿ ಜೇಬಿಗಿಟ್ಟ. ಕ್ಯಾಪು ತೆಗೆದು ಕಂಕುಳಲ್ಲಿಟ್ಟುಕೊಂಡ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನಿಗೆ ಸಿಕ್ಕಿದ್ದ ಅತಿ ದೊಡ್ಡ ಕೇಸು ಯಾರದೋ ಹಂದಿ ತಪ್ಪಿಸಿಕೊಂಡದ್ದು. "ನಾನು ಬೂದು ಬಣ್ಣ ಕೇಳೋಕೆ ಬಂದಿದ್ದೆ ಕಣಪ್ಪಾ, ಬಾಗಿಲಿಗೆ," ಅಂದ ಮೆಲ್ಲಗೆ. "ನಾಳೆ ಬರ್ತೀನಿ."

ಲಾಯ್ಡ್ ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದ. ಅವಳೂ ಯಾರಿಗೂ ಹೇಳಲಿಲ್ಲ, ಚರ್ಚಿನ ಕೌದಿ ಹೊಲಿಯುವ ಹೆಂಗಸರಿಗೆ ಮಾತ್ರ ಹೇಳಿದಳು. ಗುರುವಾರ ನಾನು ಅಂಚೆ ಹಂಚಲು ಹೊರಟರೆ ಮನೆಮನೆಗೂ ಒಂದೊಂದು ಕಥೆ ತಯಾರಾಗಿತ್ತು. ವರ್ನನ್ ಕ್ಲಾಪನಿಗೆ ಗುಟ್ಟಾಗಿ ಒಬ್ಬ ಮಗ ಇದ್ದಾನೆ. ಎದುರುಮನೆಯ ಇಮೋಜೀನ್ ಬ್ರಾಟ್ ಪ್ರಕಾರ ಹುಡುಗನ ತಾಯಿ ಮಿಸೌರಿಯವಳು, ಕೆಂಪು ಕೂದಲು. ಮೂಲೆಮನೆಯವರ ಪ್ರಕಾರ ಒಬ್ಬನಲ್ಲ, ಅವಳಿಜವಳಿ. ಕ್ಷೌರದಂಗಡಿಯಲ್ಲಿ ಹುಡುಗ ಆಗಲೇ ನೌಕಾಪಡೆ ಸೇರಿದ್ದ.

"ಹಾಗೇನೂ ಇಲ್ಲ ತಾಯಿ," ಅಂದೆ ನಾನು ಇಮೋಜೀನಳಿಗೆ. "ಮಗ ಇರೋದು ಬರೀ ಕಾಗದದಲ್ಲಿ."

"ಅಯ್ಯೋ! ಹಾಗಾದ್ರೆ ಕಾಗದಪತ್ರಾನೂ ಆಗಿದೆಯಾ!" ಅಂತ ಅವಳು ಎದೆ ಮೇಲೆ ಕೈಯಿಟ್ಟುಕೊಂಡು ಫೋನಿನ ಕಡೆ ಓಡಿದಳು.

ಅವತ್ತಿನಿಂದ ನನಗೂ ಭಯ ಹತ್ತಿತು. ತಮಾಷೆ ಮಾಡಿದವನು ನಾನು. ಈ ಊರಲ್ಲಿ ಸುದ್ದಿ ಕೊನೆಗೆ ಮುಟ್ಟುವುದು ಸುದ್ದಿಗೆ ಸಂಬಂಧಪಟ್ಟವರಿಗೆ. ಗುರುವಾರ ಡಾರ್ಲೀನ್ ನನಗೆ ಎಂದಿನಂತೆ ತಣ್ಣನೆ ನಿಂಬೆ ಪಾನಕ ಕೊಟ್ಟಳು. ಶುಕ್ರವಾರವೂ ಕೊಟ್ಟಳು. ನಾನು ಅವಳ ಮುಖ ನೋಡದೆ ಕುಡಿದೆ. ಲೋಟ ಕೆಳಗಿಟ್ಟು ಬೇಗ ಬೇಗ ಹೊರಟೆ.

ಶನಿವಾರ ಬಂತು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ನಾನು ಕ್ಲಾಪರ ಮನೆ ಮೆಟ್ಟಿಲ ಹತ್ತಿರ ಇದ್ದೆ. ಅವರಿಗೆ ಆ ದಿನ ಅಂಚೆಯೇ ಇರಲಿಲ್ಲ. ಇದ್ದ ಹಾಗೆ ಚೀಲ ಹುಡುಕುತ್ತಾ ನಿಂತೆ. ಬಾಗಿಲ ಮೇಲೆ ವರ್ನನ್ನನ ಕೈಬರಹದ ಹಲಗೆ: "ಈ ಮನೆಯಲ್ಲಿ ಯಾರೂ ಇಲ್ಲ. ಮನೆ ಖಾಲಿ." ಅದರ ಕೆಳಗೇ ಡಾರ್ಲೀನ್ ಹೂವಿಗೆ ನೀರು ಹಾಕುತ್ತಿದ್ದಳು.

"ವರ್ನನ್ ಎಲ್ಲಿ?" ಅಂತ ಕೇಳಿದೆ.

"ನೆಲಮಾಳಿಗೇಲಿ. ನೀರು ಕಾಯಿಸೋ ಹಂಡೆ ಹಿಂದೆ ಕೂತಿದ್ದಾನೆ. ಕೇಳಿದ್ರೆ ಹಂಡೆ ಸೋರ್ತಿದೆಯಾ ನೋಡ್ತಿದ್ದೀನಿ ಅಂದ. ಬೆಳಿಗ್ಗೆಯಿಂದ ನೋಡ್ತಿದ್ದಾನೆ."

ಅಷ್ಟರಲ್ಲಿ ಡಾರ್ಲೀನಳ ಅಕ್ಕ ಮ್ಯಾಕ್ಸೀನ್ ಕಾರಿನಲ್ಲಿ ಬಂದಿಳಿದಳು. ಆ ಹೆಂಗಸು ಮಾತಾಡಿದರೆ ಪಕ್ಕದ ಬೀದಿಯ ನಾಯಿ ಏಳುತ್ತದೆ. ಎರಡು ಕೈಯಲ್ಲೂ ಖಾಲಿ ಸೂಟ್‌ಕೇಸು.

"ಬಟ್ಟೆ ತುಂಬು! ಒಂದು ನಿಮಿಷಾನೂ ಇಲ್ಲಿರಬೇಡ! ನಿನ್ನ ಗಂಡನಿಗೆ ಏಳು ವರ್ಷದ ಮಗ ಇದ್ದಾನೆ, ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ!"

ನನ್ನ ಚೀಲ ಕೆಳಗೆ ಬಿತ್ತು. ಡಾರ್ಲೀನ್ ಹೂಜಿಯನ್ನು ಮೆಲ್ಲಗೆ ಕಟ್ಟೆ ಮೇಲಿಟ್ಟಳು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವಳು ಅಂದದ್ದು ಇಷ್ಟೇ: "ಒಲೇಲಿ ಸೇಬಿನ ಪೈ ಬೇಯ್ತಿದೆ ಅಕ್ಕ. ಇಪ್ಪತ್ತು ನಿಮಿಷ ಬೇಕು."

ದನಿ ಏರಲೂ ಇಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

ಇಪ್ಪತ್ತು ನಿಮಿಷ ಎಲ್ಲಿ, ಎರಡೇ ನಿಮಿಷಕ್ಕೆ ಒಂದು ಹಳೇ ಟ್ರಕ್ಕು ಗುರುಗುಟ್ಟುತ್ತಾ ಬಂದು ನಿಂತಿತು. ಟ್ರಕ್ಕಿಗಿಂತ ಮುಂಚೆ ಜಗಳ ಬಂತು.

"ನಾನು ಬೆರಳಲ್ಲಿ ಸನ್ನೆ ಮಾಡಿದ್ದು ತಿರುವು ಚೆಂಡಿಗೆ! ನೀನು ಎಸೆದಿದ್ದು ನೇರ!"

"ನಿನ್ನ ಬೆರಳು ಯಾವತ್ತಾದ್ರೂ ನೆಟ್ಟಗಿತ್ತೇನೋ?"

ಇಳಿದವರು ಇಬ್ಬರು. ಡೆಲ್ಬರ್ಟ್ ಕ್ರಾಗ್ ಬಾಗಿಲಿಗೆ ಅಡ್ಡ ನಿಂತರೆ ಮನೆಗೆ ಬೆಳಕು ಬಾರದು. ರಾಯ್ಸ್ ಟಾಲಿವರ್ ಕುಳ್ಳ, ಅಗಲ, ಒಂದು ಕಾಲದಲ್ಲಿ ಕ್ರಾಗ್ ಎಸೆದ ಚೆಂಡನ್ನು ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತಿದ್ದ ಕ್ಯಾಚರ್, ಈಗಲೂ ಮಂಡಿ ಬಾಗಿಸಿಯೇ ನಡೆಯುವವನು. ಇಬ್ಬರೂ ಮನೆ ಖಾಲಿ ಅನ್ನುವ ಹಲಗೆ ಓದಿದರು. ಡಾರ್ಲೀನಳನ್ನು ನೋಡಿದರು. ಟೋಪಿ ತೆಗೆದರು.

"ನಮಸ್ಕಾರ ಅಮ್ಮಾವ್ರೇ," ಅಂದ ಕ್ರಾಗ್. "ಕ್ಲಾಪ್ ಅವರ ಮಗನ್ನ ನೋಡೋಕೆ ಬಂದ್ವಿ."

"ಕೇಳಿದ್ಯಾ! ಕೇಳಿದ್ಯಾ!" ಅಂದಳು ಮ್ಯಾಕ್ಸೀನ್. ಎದುರುಮನೆಯಲ್ಲಿ ಇಮೋಜೀನಳ ಕಿಟಕಿ ಪರದೆ ಅಲ್ಲಾಡಿತು.

ಆಗ ನೆಲಮಾಳಿಗೆಯ ಬಾಗಿಲು ತೆರೆಯಿತು. ವರ್ನನ್ ಬಂದ. ಮೈಯೆಲ್ಲ ಜೇಡರ ಬಲೆ, ಮುಖದಲ್ಲಿ ರಕ್ತವೇ ಇಲ್ಲ. ಹಂಡೆ ಹಿಂದೆ ಕೂತಿದ್ದರೆ ಇನ್ನೂ ಒಂದು ಗಂಟೆ ಬದುಕುತ್ತಿದ್ದ, ಆದರೂ ಮೇಲೆ ಬಂದ. ಆ ಮಟ್ಟಿಗೆ ಅವನನ್ನು ಮೆಚ್ಚಬೇಕು. ಕ್ರಾಗನ ಕಡೆ ನೋಡಲೂ ಇಲ್ಲ, ನೆಟ್ಟಗೆ ಡಾರ್ಲೀನಳ ಮುಂದೆ ನಿಂತ.

"ಡಾರ್ಲೀನ್, ಅದು... ನಾನು... ಕಾರ್ಡು ಸಿಗಲಿ ಅಂತ..." ಅಂದ. ಆಮೇಲೆ ತೋಳಿನ ಮೇಲಿನ ಜೇಡರ ಬಲೆ ಕೀಳತೊಡಗಿದ.

"ಎಲ್ಲಾ ಇದರಲ್ಲಿದೆ," ಅಂತ ಟಾಲಿವರ್ ಅಂಗಿ ಜೇಬಿನಿಂದ ಕಾಗದ ತೆಗೆದುಕೊಟ್ಟ. ಡಾರ್ಲೀನ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ತೆಗೆದುಕೊಂಡು, ಗಟ್ಟಿಯಾಗಿ ಓದಿದಳು.

"ಮಾನ್ಯ ಕ್ರಾಗ್ ಅವರಿಗೆ. ನಮ್ಮ ಮಗನಿಗೆ ಏಳು ವರ್ಷ. ನಿಮ್ಮ ಹೆಸರನ್ನೇ ಇಟ್ಟಿದ್ದೇವೆ. ದಿನಾ ಸಂಜೆ ಹಿತ್ತಲಲ್ಲಿ ಅವನಿಗೆ ಚೆಂಡು ಎಸೆಯುತ್ತೇನೆ. ಕತ್ತಲಾದರೂ ಒಳಗೆ ಬರುವುದಿಲ್ಲ ಪೋರ. ಅವರಮ್ಮ ಡಾರ್ಲೀನ್ ಅಡುಗೆಮನೆ ಕಿಟಕಿಯಿಂದ ಊಟಕ್ಕೆ ಬಾ ಅಂತ ಕೂಗಿ ಕೂಗಿ ಸುಸ್ತಾಗುತ್ತಾಳೆ. ನಾನೂ ಇನ್ನೊಂದೇ ಚೆಂಡು, ಇನ್ನೊಂದೇ ಚೆಂಡು ಅನ್ನುತ್ತೇನೆ. ಕೊನೆಗೆ ಅವಳೇ ಬಂದು ಇಬ್ಬರ ಕಿವಿಯನ್ನೂ ಹಿಡಿದು..."

ಅಲ್ಲಿಗೆ ನಿಲ್ಲಿಸಿದಳು. ಮ್ಯಾಕ್ಸೀನ್ ಸೂಟ್‌ಕೇಸುಗಳನ್ನು ಕೆಳಗಿಟ್ಟಳು. ಆ ಕಾಗದದಲ್ಲಿ ಕೆಂಪು ಕೂದಲಿನವಳು ಎಲ್ಲೂ ಇರಲಿಲ್ಲ. ನಾನು ಅಂಚೆ ಚೀಲವನ್ನು ಗಟ್ಟಿಯಾಗಿ ಅಪ್ಪಿಕೊಂಡು ನಿಂತಿದ್ದೆ. ಅವಳು ಅತ್ತರೆ ಏನು ಗತಿ ಅಂತ ನನಗೆ ಹೆದರಿಕೆ. ವರ್ನನ್ ಕಣ್ಣು ಮುಚ್ಚಿಕೊಂಡಿದ್ದ.

"ಹುಡುಗ ಎಲ್ಲಿ ಅಮ್ಮಾವ್ರೇ?" ಅಂದ ಕ್ರಾಗ್. ಪಾಪ, ದನಿ ಮೆತ್ತಗಿತ್ತು. "ಅವನಿಗೆ ಅಂತ ಚೆಂಡು ತಂದಿದ್ದೀನಿ. ಯಾರೂ ನನ್ನ ಹೆಸರನ್ನ ಕೋಳಿಗೂ ಇಟ್ಟಿಲ್ಲ."

ಡಾರ್ಲೀನ್ ಕಾಗದ ಮಡಚಿದಳು. ಮತ್ತೆ ಮಡಚಿದಳು.

"ಊರಲ್ಲಿಲ್ಲ," ಅಂದಳು. "ಶಿಬಿರಕ್ಕೆ ಹೋಗಿದ್ದಾನೆ. ನದಿ ಹತ್ತಿರ."

ವರ್ನನ್ ಕಣ್ಣು ತೆರೆದ.

"ಛೆ! ಎಸೀತಾನಾ ಚೆನ್ನಾಗಿ?"

"ಎಡಗೈ," ಅಂದಳು ಡಾರ್ಲೀನ್.

"ಎಡಗೈಯವನಾ!" ಕ್ರಾಗ್ ಟಾಲಿವರನ ಬೆನ್ನಿಗೆ ಗುದ್ದಿದ. "ಎಡಗೈ ಅಂತೆ ಕಣೋ! ಎಡಗೈಯವರಿಗೆ ಎಷ್ಟು ಬೇಡಿಕೆ ಗೊತ್ತಾ ಅಮ್ಮಾವ್ರೇ?"

"ಎಡಗೈ ಅಲ್ಲ, ಅವನು ಬಲ..." ಅಂತ ವರ್ನನ್ ಶುರುಮಾಡಿದ. ಅವನ ಕಾಗದದಲ್ಲೆಲ್ಲ ಬಲಗೈ ಅಂತಿತ್ತಂತೆ.

"ಎಡಗೈ," ಅಂದಳು ಡಾರ್ಲೀನ್ ಇನ್ನೊಂದು ಸಲ. ವರ್ನನ್ ಬಾಯಿ ಮುಚ್ಚಿದ.

ಟಾಲಿವರ್ ಗಂಟಲು ಸರಿಮಾಡಿಕೊಂಡ. "ಅದೆಲ್ಲ ಸರಿ. ಹೆಸರು? ನಾಲ್ಕು ಗಂಟೆ ದಾರಿ ಇವನ ಜತೆ ಕಿತ್ತಾಡ್ಕೊಂಡು ಬಂದಿದ್ದೀನಿ. ಹುಡುಗನ ಹೆಸರು ಡೆಲ್ಬರ್ಟೋ, ರಾಯ್ಸೋ?"

ಎಲ್ಲರ ಕಣ್ಣೂ ಡಾರ್ಲೀನಳ ಮೇಲೆ. ಕ್ರಾಗನ ಕೈಯಲ್ಲಿ ಚೆಂಡು ಇತ್ತು. ಮೂರು ಜನಕ್ಕೆ ಹೊಡೆದ ಕೈ ಅದು. ವರ್ನನ್ ಒಂದು ಹೆಜ್ಜೆ ಮುಂದೆ ಬಂದು ಹೆಂಡತಿಗೆ ಅಡ್ಡ ನಿಂತ. ನಿಂತದ್ದು ಹೌದು, ಆದರೆ ಮರದ ಎಲೆ ಅಲುಗುವ ಹಾಗೆ ನಡುಗುತ್ತಿದ್ದ.

"ಡೆಲ್ಬರ್ಟ್ ರಾಯ್ಸ್ ಕ್ಲಾಪ್," ಅಂದಳು ಡಾರ್ಲೀನ್, ಅವನ ಭುಜದ ಹಿಂದಿನಿಂದ. "ನಾವು ಡೆಲ್ ಅಂತ ಕರೀತೀವಿ. ಸಿಟ್ಟು ಬಂದಾಗ ನಾನು ಪೂರ್ತಿ ಹೆಸರು ಕೂಗ್ತೀನಿ. ಬನ್ನಿ ಒಳಗೆ, ಪೈ ಸೀದು ಹೋಗುತ್ತೆ."

ಆಮೇಲೆ ಮುಕ್ಕಾಲು ಗಂಟೆ ಆ ಮನೆಯಲ್ಲಿ ನಡೆದದ್ದೆಲ್ಲ ಒಂದೇ ಜಗಳ. ಮೊದಲನೇ ಹೆಸರು ದೊಡ್ಡದೋ, ಎರಡನೇ ಹೆಸರು ದೊಡ್ಡದೋ. ಸಿಟ್ಟು ಬಂದಾಗ ಮಾತ್ರ ಕೂಗುವ ಹೆಸರಿಗೆ ತೂಕ ಜಾಸ್ತಿ ಅಂತ ಟಾಲಿವರನ ವಾದ. ಇಬ್ಬರೂ ಚೆಂಡಿನ ಮೇಲೆ ಸಹಿ ಹಾಕಿದರು. ನಾಲ್ಕು ಹೋಳು ಪೈ ತಿಂದರು. ಹೊರಡುವಾಗ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡಿದ್ದರು, ಆದರೂ ಬೈದಾಡುತ್ತಲೇ ಇದ್ದರು. ಮ್ಯಾಕ್ಸೀನ್ ಖಾಲಿ ಸೂಟ್‌ಕೇಸುಗಳನ್ನು ತಾನೇ ಹೊತ್ತುಕೊಂಡು, ಯಾರಿಗೂ ಏನೂ ಹೇಳದೆ ಕಾರು ಹತ್ತಿದಳು. ಅವಳು ಏನೂ ಹೇಳದೆ ಹೋದದ್ದು ಊರಿನ ಚರಿತ್ರೆಯಲ್ಲಿ ಮೊದಲು.

ನಾನೂ ಹೊರಡಬೇಕಿತ್ತು. ಅಂಚೆ ಇಲಾಖೆಯ ನೌಕರ ಇನ್ನೊಬ್ಬರ ಮನೆ ಮಾತು ಕೇಳಬಾರದು. ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ, ಅಷ್ಟೇ. ನಾಲ್ಕು ಸಲ ಕಟ್ಟಿದೆ.

"ಎಷ್ಟು ಕಾಗದ?" ಅಂದಳು ಡಾರ್ಲೀನ್ ಒಳಗೆ.

"ನಾನೂರ ಹನ್ನೆರಡು." ವರ್ನನ್ನನ ದನಿ ಬಾವಿಯಿಂದ ಬಂದ ಹಾಗಿತ್ತು.

"ಎಲ್ಲದರಲ್ಲೂ ನಾನು ಕಿಟಕಿಯಿಂದ ಕೂಗ್ತೀನಾ?"

"ಹೂಂ."

ಕಾಗದ ಮತ್ತೆ ಬಿಚ್ಚಿದ ಸದ್ದಾಯಿತು. ಅವಳ ದನಿ ಮತ್ತೆ ಬಂದಾಗ ಅದು ಒದ್ದೆಯಾಗಿತ್ತು.

"ಎಷ್ಟು ವರ್ಷದಿಂದ ಬರೀತಿದ್ದೀಯ?"

"ಒಂಬತ್ತು. ತಪ್ಪಾಯ್ತು ಡಾರ್ಲೀನ್. ಇವತ್ತಿಗೆ ನಿಲ್ಲಿಸ್ತೀನಿ. ಎಲ್ಲಾ ಕಾರ್ಡೂ ಸುಟ್ಟುಬಿಡ್ತೀನಿ."

"ಒಂಬತ್ತು ವರ್ಷದಿಂದ ಬರೀತಿದ್ದೀಯ, ಇನ್ನೂ ಏಳೇ ವರ್ಷ ಅಂತೀಯಲ್ಲೋ! ಮಗು ಬೆಳೀಬೇಡ್ವಾ?" ಕುರ್ಚಿ ಎಳೆದ ಸದ್ದಾಯಿತು. "ತಗೋ ಪೆನ್ನು. ಇನ್ಮೇಲೆ ಹದಿನಾರು ಅಂತ ಬರಿ."

"ಹದಿನಾರಾ?"

"ಏಳಕ್ಕೆ ಒಂಬತ್ತು ಸೇರಿಸು."

ನಾನು ತಡೆಯಲಾರದೆ ಕಿಟಕಿಯಿಂದ ಇಣುಕಿದೆ. ವರ್ನನ್ ಪೆನ್ನು ಹಿಡಿದುಕೊಂಡು ಕೂತಿದ್ದ. ಬರೆಯಲಿಲ್ಲ. ಹೊರಗಿನ ರಸ್ತೆ ನೋಡಿದ, ಅಂಗಳದಲ್ಲಿ ನಿಂತಿದ್ದ ತನ್ನ ಹಳೇ ಕಾರು ನೋಡಿದ. ಮುಖ ನಿಧಾನವಾಗಿ ಬಿಳಿಚಿಕೊಂಡಿತು.

"ಡಾರ್ಲೀನ್," ಅಂದ. "ಹದಿನಾರಕ್ಕೆ ಲೈಸೆನ್ಸು ಕೊಡ್ತಾರೆ. ಅವನು ಕಾರು ಕೇಳ್ತಾನೆ."

"ಕೇಳ್ಲಿ."

"ಆ ಮರದ ಸೇತುವೆ ಮೇಲೆ ಹುಡುಗರು ಹೆಂಗೆ ಓಡಿಸ್ತಾರೆ ನೋಡಿದ್ದೀಯಾ? ಕೊಡಲ್ಲ. ಹದಿನೆಂಟು ಆಗೋವರೆಗೂ ಕೀ ಕೊಡಲ್ಲ ಅಂತ ಈಗಲೇ ಹೇಳ್ತೀನಿ," ಅಂದ ವರ್ನನ್. ಎದ್ದುಹೋಗಿ ಮೊಳೆಗೆ ನೇತುಹಾಕಿದ್ದ ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡ.